ಏಳು ಒಂದುಗಳು

ಜೂನ್ 3, ಸೋಮವಾರ

ಪುಟ 41ರ ಕರಡು ತಿದ್ದುತ್ತಿದ್ದೇನೆ. ನಿವೃತ್ತ ಗಣಿತ ಮೇಷ್ಟ್ರು ಮಕ್ಕಳಿಗೆಂದು ಬರೆದ ಪುಸ್ತಕ. ಕಾಗುಣಿತವೆಲ್ಲ ಸರಿ. ಒಂದು ಸಾಲು ಮಾತ್ರ ಕಣ್ಣಿಗೆ ಚುಚ್ಚಿತು: "1111111 ಅವಿಭಾಜ್ಯ. ಒಂದರಿಂದ, ತನ್ನಿಂದ ಬಿಟ್ಟರೆ ಇನ್ಯಾವುದರಿಂದಲೂ ಭಾಗವಾಗದು."

ಹೌದಾ? ಯಾರು ನೋಡಿದರು? ತಾರೀಕು ಕಂಡರೆ ವಾರ ಸರಿಯಿದೆಯಾ ಅಂತ ಕ್ಯಾಲೆಂಡರ್ ತಿರುವುವವಳು ನಾನು. ಇದನ್ನೂ ನೋಡಿಯೇಬಿಡುತ್ತೇನೆ. 3, 7, 11, 13... ಎಲ್ಲದಕ್ಕೂ ಶೇಷ ಒಂದು. ಹಠಮಾರಿ ಸಂಖ್ಯೆ.

ಜೂನ್ 4, ಮಧ್ಯಾಹ್ನ

ಪ್ರೆಸ್ಸಿನ ಯಜಮಾನರು ಬಂದರು. "ಇನ್ನೂ ಸಹಿ ಹಾಕಿಲ್ವಾ?"

ಪುಟದ ಮೂಲೆಯಲ್ಲಿ ನನ್ನ ಸಹಿ ಬೀಳದೆ ಈ ಪ್ರೆಸ್ಸಿನಲ್ಲಿ ಮಷೀನ್ ತಿರುಗುವುದಿಲ್ಲ. ಹದಿನೆಂಟು ವರ್ಷ. ಗೊತ್ತಿದ್ದೂ ಒಂದು ತಪ್ಪಿಗೂ ಹಾಕಿಲ್ಲ. ಕಾರಣ ಹೇಳಿದೆ. ನಕ್ಕರು.

"ಅಕ್ಷರ ನೋಡಮ್ಮ ನೀನು. ಲೆಕ್ಕ ಮೇಷ್ಟ್ರು ನೋಡ್ಕೋತಾರೆ. ನೀನು ಓದಿರೋದು ಹತ್ತನೇ ಕ್ಲಾಸು."

ಭಾಗಾಕಾರ ನಾಲ್ಕನೇ ಕ್ಲಾಸಿನದು ಸ್ವಾಮಿ! — ಅನ್ನಲಿಲ್ಲ. ಅನ್ನಬೇಕಿತ್ತು. ಶುಕ್ರವಾರದೊಳಗೆ ಸಹಿ ಬೀಳದಿದ್ದರೆ ನನ್ನ ಕುರ್ಚಿ ಬೇರೆಯವರಿಗಂತೆ.

ಜೂನ್ 6, ಬೆಳಿಗ್ಗೆ

ಎರಡು ದಿನದಿಂದ ಟೀ ಹೊತ್ತೆಲ್ಲ ಭಾಗಾಕಾರ. ಈ ಸಂಖ್ಯೆಯ ವರ್ಗಮೂಲ, ಅಂದರೆ 1054ರವರೆಗೆ ನೋಡಬೇಕು, ಅಲ್ಲಿಗೂ ಸಿಗದಿದ್ದರೆ ಮೇಷ್ಟ್ರು ಗೆದ್ದ ಹಾಗೆ. ಅತ್ತೆ ಇಣುಕಿದರು.

"ಏನೇ ಇದು, ಪುಟ ತುಂಬಾ ಬರೀ ಒಂದು?"

ಹೇಳಿದೆ.

"ತಪ್ಪಿದ್ರೆ ನೀನ್ಯಾಕೆ ಸಹಿ ಹಾಕ್ಬೇಕು? ಮಕ್ಕಳು ಓದೋ ಪುಸ್ತಕ! ಕೊಡಿಲ್ಲಿ, ಗುಣಿಸೋದು ನಾನು ನೋಡ್ತೀನಿ."

233 — ಶೇಷ 167. 239 — ಸೊನ್ನೆ! ಮತ್ತೆ ಮಾಡಿದೆ. ಸೊನ್ನೆಯೇ. 239 × 4649. ಅತ್ತೆ ಗುಣಿಸಿದರು. ಏಳೂ ಒಂದುಗಳು ಸಾಲಾಗಿ ಬಂದು ನಿಂತವು. ಅಳು ಬಂತು, ಥೂ.

ಜೂನ್ 7

ಮೇಷ್ಟ್ರೇ ಪ್ರೆಸ್ಸಿಗೆ ಬಂದರು. 239 × 4649 ಎಂದು ಬರೆದ ಚೀಟಿ ಮುಂದಿಟ್ಟೆ. ನಿಂತಲ್ಲೇ ಗುಣಿಸಿ ನೋಡಿದರು. ಕಿವಿ ಕೆಂಪಾಯಿತು.

"233ರವರೆಗೆ ನೋಡಿದ್ದೆ ಕಣಮ್ಮ. ಇಷ್ಟು ದೂರ ಬಂದ್ಮೇಲೆ ಇನ್ನೇನಿರುತ್ತೆ ಅಂತ ಬಿಟ್ಟೆ."

ಅದರ ಮುಂದಿನ ಅವಿಭಾಜ್ಯವೇ 239. ಅಯ್ಯೋ, ಇನ್ನೊಂದೇ ಒಂದು ನೋಡಿದ್ದರೆ!

ಅವರು ಹೋದ ಮೇಲೆ ಯಜಮಾನರು ಹಾರಾಡಿದರು. "ದೊಡ್ಡವರ ಮರ್ಯಾದೆ ತೆಗೀತೀಯಾ? ಬೇರೆ ಸಂಖ್ಯೆ ಬರೆದು ಕಳಿಸ್ತಾರೆ. ಸೋಮವಾರ ತೆಪ್ಪಗೆ ಸಹಿ ಹಾಕು. ಇಲ್ಲಾಂದ್ರೆ ಮನೇಲಿರು."

ಜೂನ್ 10, 9:40

ಹೊಸ ಕರಡು ಬಂತು. "1000001 ಅವಿಭಾಜ್ಯ."

ಯಜಮಾನರು ಪೆನ್ನು ಚಾಚಿಕೊಂಡು ಎದುರಿಗೇ ನಿಂತಿದ್ದಾರೆ. ಬೇರೆ ಹಾಳೆಯಿಲ್ಲ, ಈ ಡೈರಿಯಲ್ಲೇ ಭಾಗಿಸುತ್ತಿದ್ದೇನೆ. 3, 7, 11, 13... ಎಲ್ಲದಕ್ಕೂ ಶೇಷ ಎರಡು.

"ಮತ್ತೆ ಶುರು ಮಾಡಿದ್ಯಾ?"

ಮಾಡಿದೆ. 97 — ಶೇಷ 28. ಬಾಗಿಲು ತೋರಿಸುತ್ತಿದ್ದಾರೆ. ತೋರಿಸಲಿ.

101 — 9901 ಸಲ. ಶೇಷ ಸೊನ್ನೆ.

ಕೊಡಿ ಸ್ವಾಮಿ ಆ ಪೆನ್ನು. ಈ ಸಾಲನ್ನು ಹೊಡೆದುಹಾಕುತ್ತೇನೆ, ನಿಮ್ಮ ಕಣ್ಣೆದುರೇ, ನಿಮ್ಮ ಪೆನ್ನಿನಿಂದಲೇ —