ಇಲ್ಲದವಳ ಗೈರುಹಾಜರಿ

ಜಿಲ್ಲೆಯ ಮಾನ್ಯ ಕಾರ್ಮಿಕ ಅಧಿಕಾರಿಗಳಿಗೆ, ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ಎಸ್ಟೇಟಿನಲ್ಲಿ ಇಲ್ಲವೇ ಇಲ್ಲ ಎಂದು ತಾವು ತೀರ್ಮಾನಿಸಿರುವ ಹೆಂಗಸಿನ ನಮಸ್ಕಾರಗಳು.

ಮಾನ್ಯರೇ, ನನ್ನನ್ನು ಕೆಲಸದಿಂದ ಹೊರಗಿಟ್ಟಿದ್ದಾರೆಂದು ನಾನು ಕೊಟ್ಟ ದೂರಿಗೆ ತಮ್ಮ ಉತ್ತರ ತಲುಪಿತು: 'ಇಂಚರಾ ಎಂಬ ಹೆಸರಿನ ನೌಕರರು ಸದರಿ ಎಸ್ಟೇಟಿನಲ್ಲಿ ಇರುವುದಿಲ್ಲ. ಆದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.' ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದನ್ನು ಇಷ್ಟು ಅಚ್ಚುಕಟ್ಟಾಗಿ ಟೈಪ್ ಮಾಡಿಸಿದ್ದನ್ನು ನಾನು ಈವರೆಗೆ ಕಂಡಿರಲಿಲ್ಲ.

ಹನ್ನೊಂದು ವರ್ಷ ಅಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ಕಥೆ ಬರೆಯುವವರಲ್ಲ. ಬೆಳಿಗ್ಗೆ ಏಳೂವರೆಗೆ ಆಳುಗಳು ಸಾಲಾಗಿ ನಿಂತಾಗ ಚೆಕ್‌ರೋಲ್ ಹಿಡಿದು ಹೆಸರು ಕೂಗಿ ಹಾಜರಿ ಹಾಕುವವರು. ಕಳೆದ ವರ್ಷ ತಪಾಸಣೆಗೆ ಬಂದ ತಾವು ಅದೇ ಪುಸ್ತಕ ತಿರುವಿ, 'ಇಷ್ಟು ನೀಟಾದ ಚೆಕ್‌ರೋಲ್ ಜಿಲ್ಲೆಯಲ್ಲೇ ಇಲ್ಲ' ಎಂದು ನನ್ನ ಬೆನ್ನು ತಟ್ಟಿದ್ದಿರಿ. ಆಗ ನನಗೆ ಗಂಡಸಿನ ಹೆಸರಿತ್ತು, ಪ್ಯಾಂಟಿತ್ತು. ಕೈ ಇದೇ ಕೈ ಸ್ವಾಮಿ. ಬೇಕಿದ್ದರೆ ಅಕ್ಷರ ಹೋಲಿಸಿ ನೋಡಿ.

ಮೂವತ್ತಾರು ವರ್ಷ ಆ ಹೆಸರನ್ನು ಹೊತ್ತು ನನಗೆ ಸಾಕಾಗಿತ್ತು. ಜಿಲ್ಲಾಧಿಕಾರಿಗಳ ಕಚೇರಿಯಿಂದ ಹೊಸ ಗುರುತಿನ ಚೀಟಿ ಬಂದ ಮರುದಿನ ಸೀರೆ ಉಟ್ಟು ಕೆಲಸಕ್ಕೆ ಹೋದೆ. ಎಲ್ಲರ ಹೆಸರು ಮುಗಿದ ಮೇಲೆ 'ಇಂಚರಾ' ಎಂದು ಕೂಗಿದೆ. ನಾನೇ 'ಓ' ಎಂದೆ. ಹಣ್ಣು ಕೊಯ್ಯುವ ಹೆಂಗಸರಲ್ಲಿ ಹಿರಿಯರಾದ ಅಂಜನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಅಯ್ಯೋ ಮಾರಾಯ್ತಿ, ಕೂಗದೂ ನೀನೇ, ಓ ಅನ್ನದೂ ನೀನೇನಾ? ನಾಳಿಂದ ನಿನ್ನೆಸ್ರು ನಾನ್ ಕೂಗ್ತೀನಿ ಬಿಡು." ಅಲ್ಲಿಯವರೆಗೆ 'ರೈಟ್ರೇ, ನೀವು' ಎನ್ನುತ್ತಿದ್ದ ಬಾಯಿ ಅದು. ನಾನು ನಿಂತಲ್ಲೇ ಅತ್ತುಬಿಟ್ಟೆ.

ಮ್ಯಾನೇಜರ್ ಪ್ರಸನ್ನಕುಮಾರ್ ಕೆಟ್ಟವರಲ್ಲ, ಪುಕ್ಕಲರು. "ನಂದೇನೂ ಅಡ್ಡಿ ಇಲ್ಲ ಕಣ್ರೀ. ಲೇಬರ್ ಆಫೀಸಿಂದ ಒಂದ್ ಕಾಗ್ದ ಬರ್ಲಿ, ಅಲ್ಲಿವರ್ಗೆ ಮನೇಲಿರಿ" ಎಂದರು. ತಾವು ಕೊಡುವ ಕಾಗದಕ್ಕೆ ಅವರು ಕಾಯುತ್ತಾರೆ; ತಾವು ನಾನೇ ಇಲ್ಲ ಎನ್ನುತ್ತೀರಿ. ನನ್ನಂಥವರನ್ನು ಕೆಲಸದಿಂದ ದೂರವಿಡಬಾರದೆಂದು 2019ರಲ್ಲೇ ಕಾಯ್ದೆ ಬಂದಿದೆಯಲ್ಲ, ಮೂಡಿಗೆರೆಗೆ ಬರಲು ಅದಕ್ಕಿನ್ನೂ ಬಸ್ಸು ಸಿಕ್ಕಿಲ್ಲವೇ?

ಈಗ ಮಜಾ ಕೇಳಿ. ಅಂಜನಮ್ಮ ಮಾತು ತಪ್ಪುವವರಲ್ಲ. ದಿನಾ ಬೆಳಿಗ್ಗೆ ಎಲ್ಲರದೂ ಆದ ಮೇಲೆ ನನ್ನ ಹೆಸರು ಕೂಗುತ್ತಾರೆ. ಕೂಗಿದ ಹೆಸರಿನ ಮುಂದೆ ಹಾಜರು ಅಥವಾ ಗೈರು ಎಂದು ಬರೆಯದೆ ಚೆಕ್‌ರೋಲ್ ಮುಚ್ಚಬಾರದೆಂಬುದು ಎಸ್ಟೇಟಿನ ಹಳೆಯ ಪದ್ಧತಿ. ಹಾಗಾಗಿ ಈಗ ಚೆಕ್‌ರೋಲ್ ಹಿಡಿದಿರುವ ಪ್ರಸನ್ನಕುಮಾರ್ ತಮ್ಮ ಕೈಯಾರೆ 'ಇಂಚರಾ, ರೈಟರ್, ಗೈರು' ಎಂದು ನಲವತ್ತೊಂದು ದಿನ ಬರೆದು, ದಿನವೂ ಸಹಿ ಹಾಕಿದ್ದಾರೆ. ಇಲ್ಲದವಳು ಗೈರಾಗುವುದು ಹೇಗೆ ಸ್ವಾಮಿ? ಅಂಜನಮ್ಮ ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನು ಲಗತ್ತಿಸಿದ್ದೇನೆ.

ಮುಚ್ಚಿದ ಕಡತ ತೆರೆಯಿರಿ. ನನ್ನನ್ನು ಇದೇ ಹೆಸರಿನಲ್ಲಿ, ಇದೇ ಕೆಲಸಕ್ಕೆ ವಾಪಸು ತೆಗೆದುಕೊಳ್ಳುವಂತೆ ಲಿಖಿತ ಆದೇಶ ಕೊಡಿ. ಅನುಮಾನವಿದ್ದರೆ ಒಂದು ಬೆಳಿಗ್ಗೆ ಏಳೂವರೆಗೆ ಬನ್ನಿ. ನಾನು ದಿನವೂ ಗೇಟಿನ ಹೊರಗೆ ನಿಂತಿರುತ್ತೇನೆ. ಅಂಜನಮ್ಮ ಕೂಗಿದ ಕೂಡಲೇ 'ಓ' ಎನ್ನುತ್ತೇನೆ. ಒಳಗಿರುವವರಿಗೆಲ್ಲ ಕೇಳಿಸುತ್ತದೆ. ಚಿಕ್ಕಮಗಳೂರಿನವರೆಗೆ ಕೇಳಿಸುತ್ತಿಲ್ಲ, ಅದಕ್ಕೇ ಬರೆದೆ.

ಇಂತಿ,
ನಲವತ್ತೊಂದು ದಿನ ಗೈರಾಗಿ ಒಂದು ದಿನವೂ ತಪ್ಪಿಸಿಕೊಳ್ಳದ
ಇಂಚರಾ, ರೈಟರ್