ಮಾನ್ಯಳ ಹೆಸರಿನ ತಪ್ಪಲೆ

ಮಾನ್ಯ,

ನೀನು ಬರೆದು ಕಳಿಸಿದ್ದ ವಿಳಾಸವನ್ನು ಬಂದ ದಿನವೇ ಹರಿದು ಹಾಕಿದವನು ನಾನು. ಹಾಗಾಗಿ ಈ ಕಾಗದ ಎಲ್ಲಿಗೂ ಹೋಗುವುದಿಲ್ಲ. ಆದರೂ ಹೇಳಬೇಕು.

ಹೋದ ಮಂಗಳವಾರ ನಮ್ಮ ಪೇಟೆಗೆ ಬೆಂಕಿ ಬಿತ್ತು. ತೆಂಗಿನ ನಾರಿನ ಗೋದಾಮಿನಲ್ಲಿ ಹೊತ್ತಿಕೊಂಡದ್ದು ಅರವತ್ತು ಮನೆಗಳನ್ನು ಸುಟ್ಟಿತು. ಜೀವಗಳು ಉಳಿದವು. ಎಲ್ಲ ಮನೆಯಲ್ಲೂ ಒಲೆ ಹೊತ್ತುವ ತನಕ ವ್ಯಾಪಾರವಿಲ್ಲ ಎಂದು ನಮ್ಮ ಪಾತ್ರೆ ಅಂಗಡಿಯನ್ನೇ ಖಾಲಿ ಮಾಡಿ ಸುಟ್ಟ ಮನೆಗಳವರಿಗೆ ಹಂಚುತ್ತಿದ್ದೇನೆ. ಹಳ್ಳಿಮೈಸೂರಿನವರು ಅಕ್ಕಿ ತಂದರು, ಚನ್ನರಾಯಪಟ್ಟಣದವರು ಚಾಪೆ, ಹೊದಿಕೆ ತಂದರು. ಹರಕು ಬಟ್ಟೆ ತಂದವರನ್ನು ವಾಪಸು ಕಳಿಸಿದೆ. ನನ್ನ ಸಿಟ್ಟು ನಿನಗೆ ಗೊತ್ತಲ್ಲ.

ಇವತ್ತು ಕೊನೆಯ ಮನೆಗೆ ಪಾತ್ರೆ ಸಾಲಲಿಲ್ಲ. ಅಟ್ಟ ಹತ್ತಿ, ನಿನ್ನ ಮದುವೆಗೆಂದು ಹೆಸರು ಕೊರೆದಿಟ್ಟಿದ್ದ ಪಾತ್ರೆಗಳನ್ನು ಇಳಿಸಿದೆ. ನೀನು ಹೇಳದೆ ಮದುವೆಯಾದ ದಿನ ಅವನ್ನು ಮೇಲಕ್ಕೆ ಎಸೆದವನೂ ನಾನೇ.

ಆ ಮನೆಯ ದೊಡ್ಡತಾಯಮ್ಮ, ನಾರಿನ ಹಗ್ಗ ಹೊಸೆಯುವಾಕೆ, ತಪ್ಪಲೆಯನ್ನು ತಿರುಗಿಸಿ ನೋಡಿದಳು. "ಯಾರ್ದೋ ಎಸ್ರೈತಲ್ಲ ಸಾ?"

"ನನ್ ಮಗಳ್ದು. ಉಜ್ಜಿ ನಿಮ್ಮ ಹೆಸರು ಹಾಕ್ಕೊಡ್ತೀನಿ" ಎಂದು ಹೆಸರು ಕೊರೆಯುವ ಮಿಷನ್ ತೆಗೆದೆ.

ಆಕೆ ಹೆಸರಿನ ಮೇಲೆ ಅಂಗೈ ಇಟ್ಟಳು. "ಬ್ಯಾಡಿ ಸಾ, ಅಂಗೇ ಇರ್ಲಿ. ನಿಮ್ಮ ಮಗ್ಳು ಈ ಕಡೆ ಬಂದ್ರೆ ನಮ್ಮನೆಗೆ ಕಳ್ಸಿ. ಇದ್ರಲ್ಲೇ ಅನ್ನ ಮಾಡಿಕ್ತೀನಿ."

ನಾನು ಮಿಷನ್ ಒಳಗಿಟ್ಟೆ.

ನಾಳೆ ಆಕೆಯ ಮನೆಗೆ ಶೀಟು ಹೊದಿಸುತ್ತೇವೆ. ಅಡುಗೆಮನೆ ಚಿಕ್ಕದಾಯಿತೆಂದು ಮೇಸ್ತ್ರಿಗೆ ಹೇಳಿದ್ದೇನೆ. ಊಟಕ್ಕೆ ಇನ್ನೊಬ್ಬರು ಕೂರುವಷ್ಟು ಜಾಗ ಬೇಕು.

ಅಪ್ಪ