ಭುಜದಲ್ಲಿ ಹಿಡಿದು, ಹೊಟ್ಟೆಯಲ್ಲಿ ಬಿಟ್ಟು

ಭಾನುವಾರ, ಮಾರ್ಚ್ ೧೪

ಪುಟ್ಟೀ,

ಅಮ್ಮನಿಗೆ ಒಂದು ಲೋಟ ನೀರು ಕೊಡದವರು ನಾಯಿಗೆ ಅಡುಗೆ ಮಾಡ್ತಾರಾ ಎಂದೋ, ಮಾಡಿ ಹಾಕ್ತಾರಂತೆ ಎಂದೋ, ನೀನು ಫೋನಿನಲ್ಲಿ ಹೇಳಿದ್ದು ಸರಿಯಾಗಿ ನೆನಪಿಲ್ಲ. ಅದು ಪ್ರಶ್ನೆಯಾಗಿತ್ತೋ ತೀರ್ಪಾಗಿತ್ತೋ, ಅದೂ ನೆನಪಿಲ್ಲ. ಬರೆದು ತಿಳಿಸೋಣ ಎಂದುಕೊಂಡು ಇಷ್ಟು ದಿನ ತಳ್ಳಿದೆ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದ್ದನ್ನು ನುಂಗಿಕೊಳ್ಳುತ್ತೇನೆ. ಕಾಗದಕ್ಕೆ ಆ ತಾಪತ್ರಯ ಇಲ್ಲ.

ಮಾಡುತ್ತಾರೆ. ನಿಮ್ಮಪ್ಪ ಕೋಳಿ ಬೇಯಿಸಿ, ಮೂಳೆ ಬಿಡಿಸಿ, ಬೆರಳಿನಲ್ಲಿ ಬಿಸಿ ನೋಡಿ ಹಾಕುತ್ತಾರೆ.

ನನ್ನ ಸಮಾಚಾರ ಎಂದಿನದೇ. ಪ್ರಾಣಿಗಳ ಆಸ್ಪತ್ರೆಯಲ್ಲಿ ಎಕ್ಸ್‌ರೇ ಮತ್ತು ಸ್ಕ್ಯಾನ್ ಕೋಣೆಗೆ ಕಿಟಕಿ ಇಲ್ಲ, ಹೊರಗೆ ಬಂದಾಗಲೇ ಬಿಸಿಲೋ ಮೋಡವೋ ಗೊತ್ತಾಗುವುದು. ಸೀಸದ ಏಪ್ರನ್ ಈಚೆಗೆ ಭಾರ ಎನಿಸುತ್ತದೆ. ಮೊನ್ನೆ ಒಬ್ಬಾಕೆ ತಂದ ಬೆಕ್ಕು ಮೇಜಿನ ಮೇಲೆ ಕುಂಬಳಕಾಯಿಯಂತೆ ಕೂತಿತ್ತು. ತೂಕ ಇಳಿಸಬೇಕಮ್ಮಾ ಎಂದೆ. "ಅದೆಲ್ಲ ಬರೀ ಕೂದಲು ಡಾಕ್ಟ್ರೇ" ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ದಿನಾ ನೋಡುವ ಮೈಯನ್ನು ಯಾರೂ ನೋಡುವುದಿಲ್ಲ. ಅದಕ್ಕೇ ನಮ್ಮಲ್ಲಿ ಕಣ್ಣಿಗಿಂತ ಕೈಯನ್ನು ನಂಬುತ್ತೇವೆ. ಪಕ್ಕೆಲುಬಿನ ಮೇಲೆ ಬೆರಳಾಡಿಸಿ, ಸೊಂಟ ನೋಡಿ, ಮೈಗೆ ಒಂದರಿಂದ ಒಂಬತ್ತರ ತನಕ ಅಂಕ ಕೊಡುತ್ತೇವೆ. ಐದು ಅಂದರೆ ಹದ.

ಇದನ್ನು ನಿಮ್ಮಪ್ಪನಿಗೆ ಹೇಳಿಕೊಟ್ಟವನು ನಾನೇ. ನಿಮ್ಮಮ್ಮ ಹೋದ ಮೇಲೆ ನಮ್ಮ ನಾಯಿ ದೊರೆಸಾನಿ ತಟ್ಟೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲವಲ್ಲ, ಆಗ ಅವರ ಅಂಗಡಿಗೆ ಹೋಗಿದ್ದೆ. ನಾಯಿ ಹೊಲಿಗೆ ಯಂತ್ರದ ಕೆಳಗೆ ತುಂಡು ಬಟ್ಟೆಗಳ ಮೇಲೆ ಮಲಗಿತ್ತು. ಮುಟ್ಟಿ ನೋಡಿ ಮೂರು ಎಂದೆ. ನಿಮ್ಮಪ್ಪನಿಗೆ ಅವಮಾನವಾಯಿತು. ಮೂರು ಅಂತ ಹೇಗೆ ಹೇಳ್ತೀಯ, ಅಳತೆ ತೋರಿಸು ಎಂದರು. ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಬೆರಳಾಡಿಸಿದರೆ ಹೇಗಿರುತ್ತದೋ ಪಕ್ಕೆ ಹಾಗಿದ್ದರೆ ಸೊರಗಿದ್ದು. ಕೈ ಚಾಚಿ ಹಿಂಗೈ ಮುಟ್ಟಿದ ಹಾಗಿದ್ದರೆ ಹದ. ಅಂಗೈಯ ಹಾಗಿದ್ದರೆ ಬೊಜ್ಜು. ಹೀಗೆ ಹೇಳಿಕೊಟ್ಟೆ. ನಾನು ಹೊರಟು ಬಾಗಿಲ ಹತ್ತಿರ ತಿರುಗಿ ನೋಡಿದಾಗಲೂ ಅವರು ತಮ್ಮ ಮುಷ್ಟಿಯನ್ನು ತಾವೇ ಸವರಿಕೊಳ್ಳುತ್ತಿದ್ದರು.

ಆಮೇಲೆ ಅವರಿಗೆ ಅದೇ ಗುಂಗು. ವಾರಕ್ಕೊಮ್ಮೆ ಟೇಪು ಹಿಡಿದು ಅವಳ ಹೊಟ್ಟೆ ಅಳೆದು ನನಗೆ ಫೋನ್ ಮಾಡುತ್ತಿದ್ದರು. ಏರುತ್ತಿದೆ, ಏರುತ್ತಿದೆ ಎಂದು. ಚಳಿಗೆ ಅವಳಿಗೊಂದು ಕೋಟು ಹೊಲಿದಿದ್ದರು, ಅದು ಬಿಗಿಯಾಗುತ್ತಿದೆ ಎಂದರು. ಮದುವೆ ಗಂಡಿನ ಸೂಟು ಹೊಲಿದಾಗಲೂ ಅವರ ದನಿಯಲ್ಲಿ ಆ ಠೀವಿ ಕೇಳಿರಲಿಲ್ಲ. ಕರೆದುಕೊಂಡು ಬನ್ನಿ ಅಂದರೆ, ಇರು, ಪೂರ್ತಿ ತುಂಬಿಕೊಳ್ಳಲಿ ಎನ್ನುತ್ತಿದ್ದರು.

ಮಂಗಳವಾರ ಬಂದರು. ಕೊರಳಲ್ಲಿ ಟೇಪು ಹಾಗೇ ಇತ್ತು. "ಈ ಸಲ ಐದು ಕೊಡದೇ ಹೇಗೆ ಬಿಡ್ತೀಯ ನೋಡ್ತೀನಿ" ಎಂದರು. ನಮ್ಮ ದಾದಿ ನಕ್ಕಳು. ನಾನೂ ನಕ್ಕೆ.

ಕೋಟು ಬಿಚ್ಚುವಾಗ ಅದರ ಒಳಮಗ್ಗುಲು ಕಣ್ಣಿಗೆ ಬಿತ್ತು. ಹೊಟ್ಟೆಯ ಪಟ್ಟಿಯಲ್ಲಿ ಹಳೆಯ ಹೊಲಿಗೆ ಬಿಚ್ಚಿ ಸಡಿಲವಾಗಲು ಬಟ್ಟೆ ಬಿಟ್ಟಿದ್ದರು, ಎರಡು ಸಲ. ಭುಜದ ಹತ್ತಿರ ಬಿಗಿಯಾಗಲು ಬಟ್ಟೆ ಒಳಗೆ ಹಿಡಿದಿದ್ದರು, ಅದೂ ಎರಡು ಸಲ. ಆಗಲೇ ನನಗೆ ಗೊತ್ತಾಯಿತು. ಅವಳ ಬೆನ್ನಿನ ಮೇಲೆ, ಆ ದಟ್ಟ ಕೂದಲಿನೊಳಗೆ ಕೈ ಇಳಿಸಿದೆ. ಮುಷ್ಟಿ ಸಿಕ್ಕಿತು.

ಎಕ್ಸ್‌ರೇಗೆ ಅವರನ್ನು ಹೊರಗೆ ಕಳಿಸಿದೆ. ಚಿತ್ರ ಬಂತು. ಹೊಟ್ಟೆಯೊಳಗೆ ಸ್ವಲ್ಪ ಕೊಬ್ಬಿದ್ದರೆ ನಮಗೆ ಒಳ್ಳೆಯದು ಪುಟ್ಟೀ. ಅದು ನಡುವೆ ನಿಂತು ಇದು ಕರುಳು, ಇದು ಮೂತ್ರಪಿಂಡ ಎಂದು ಒಂದೊಂದರ ಅಂಚನ್ನೂ ಬಿಡಿಸಿ ತೋರಿಸುತ್ತದೆ. ದೊರೆಸಾನಿಯ ಹೊಟ್ಟೆಯಲ್ಲಿ ಯಾವುದಕ್ಕೂ ಅಂಚಿರಲಿಲ್ಲ. ಹಬೆ ಹಿಡಿದ ಕನ್ನಡಿಯಂತೆ ಎಲ್ಲ ಒಂದೇ ಮಸುಕು.

ಸ್ಕ್ಯಾನಿಗೆ ಅವರೇ ಮುಂಗಾಲು ಹಿಡಿದುಕೊಳ್ಳುತ್ತೇನೆ ಎಂದರು. ಹೊಟ್ಟೆಯ ಕೂದಲು ಬೋಳಿಸಿದ್ದಕ್ಕೆ, ಚಳಿಯಾಗಲ್ವೇನಯ್ಯಾ ಎಂದು ರೇಗಿದರು. ಅವಳು ಅಂಗಾತ ಮಲಗಿ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಪರದೆ ನೋಡುತ್ತಿದ್ದರು.

"ಆ ಕಪ್ಪು ಏನು? ಕೊಬ್ಬಾ?"

"ನೀರು, ಭಾವ."

"ಕುಡಿದಿದ್ದಾ?"

"ಅಲ್ಲ. ಒಳಗೇ ತುಂಬಿಕೊಂಡಿದ್ದು."

ಯಕೃತ್ತಿನ ಗಂಟುಗಳು ಪರದೆಯ ಮೇಲೆ ಬಂದವು. ಅವುಗಳ ಬಗ್ಗೆ ಅವರು ಕೇಳಲಿಲ್ಲ. "ಹಾಗಾದ್ರೆ ಐದು ಅಲ್ಲ" ಎಂದರು.

ಅಲ್ಲ ಎಂದೆ. ಎಷ್ಟು ಎಂದರು. ಎರಡು ಎಂದೆ. ಸುಳ್ಳು ಹೇಳಬಹುದಿತ್ತೇನೋ. ಆದರೆ ಅಳತೆಯ ವಿಷಯದಲ್ಲಿ ಅವರಿಗೆ ಸುಳ್ಳು ಹೇಳುವುದು ಹೇಗೆ?

ಹೊಟ್ಟೆಯ ನೀರನ್ನು ಸೂಜಿ ಹಾಕಿ ತೆಗೆದೆವು. ಉಸಿರು ಹಗುರವಾಯಿತು. ಸಂಜೆ ಮನೆಯಲ್ಲಿ ಒಂದಿಷ್ಟು ತಿಂದಳಂತೆ. ಆದರೆ ನೀರು ಮತ್ತೆ ತುಂಬುತ್ತದೆ. ಆ ಗಂಟುಗಳು ಕೊಯ್ದು ತೆಗೆಯುವಂಥವಲ್ಲ ಎಂದು ಶಸ್ತ್ರಚಿಕಿತ್ಸೆಯ ಡಾಕ್ಟರೂ ನೋಡಿ ಹೇಳಿದರು. ನೀರು ತೆಗೆದ ಮೇಲೆ ನಿಮ್ಮಪ್ಪ ಟೇಪು ಸುತ್ತಿ ಮತ್ತೊಮ್ಮೆ ಅಳೆದರು. ಎಷ್ಟು ಬಂತೆಂದು ಹೇಳಲಿಲ್ಲ. ಟೇಪನ್ನು ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡರು. ಅವರು ತಾವಾಗಿ ಕೊರಳು ಬರಿದು ಮಾಡಿಕೊಂಡದ್ದನ್ನು ನೋಡಿದ ನೆನಪು ನನಗಿಲ್ಲ, ಅಕ್ಕನ ಅಂತ್ಯಸಂಸ್ಕಾರದಲ್ಲಿ ಕೂಡ. ಅವತ್ತು ನೀನೇ ಅದನ್ನು ಎಳೆದು ತೆಗೆದು ಎಸೆದಿದ್ದೆಯಲ್ಲ.

ಇನ್ನು ಅವಳು ನರಳದೆ ಹೋಗುವ ಹಾಗೆ ಮಾಡುವುದೊಂದೇ ಉಳಿದಿರುವುದು. ಅದಕ್ಕೆ ನಿಮ್ಮಪ್ಪ ಹೂಂ ಅನ್ನುತ್ತಿಲ್ಲ, ಊಹೂಂ ಅಂತಲೂ ಅನ್ನುತ್ತಿಲ್ಲ. "ಅವಳನ್ನ ಶಾಲೆ ಚೀಲದಲ್ಲಿಟ್ಟುಕೊಂಡು ಮನೆಗೆ ತಂದೋಳು ಪುಟ್ಟಿ. ಪುಟ್ಟೀನ ಕೇಳು. ನನ್ನ ಫೋನ್ ಅವಳು ಎತ್ತಲ್ಲ" ಎಂದರು. ದೂರುವ ದನಿಯಲ್ಲಿ ಅಲ್ಲ. ಬಸ್ಸು ಇವತ್ತು ಇಲ್ಲ ಎನ್ನುವ ಹಾಗೆ.

ಬರುವುದಾದರೆ ಈ ವಾರವೇ ಬಾ. ಆಮೇಲೆ ಬಂದರೆ ತಟ್ಟೆ, ಕೋಟು ಎರಡೇ ಇರುತ್ತವೆ. ಅವರ ಕೂಡ ಮಾತಾಡು ಎಂದು ನಾನು ಹೇಳುತ್ತಿಲ್ಲ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೋ ಎಂದಂತೂ ಹೇಳಲಾರೆ, ಹೊಟ್ಟೆಯ ಬಗ್ಗೆ ನನಗೆ ಈಗ ಅಷ್ಟು ನಂಬಿಕೆಯಿಲ್ಲ. ನಾಯಿಯ ಒಂದು ಮಗ್ಗುಲಲ್ಲಿ ನೀನು ಕೂತುಕೋ, ಇನ್ನೊಂದು ಮಗ್ಗುಲಲ್ಲಿ ಅವರು ಕೂರಲಿ. ಅಷ್ಟೇ ಸಾಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ತಣ್ಣಗಿರು, ಮಗಳೇ.

ನಿನ್ನ
ಮಾವ

ಮ.ಸೂ.: ಕಾಗದ ಮಡಿಚಿ, ಮತ್ತೆ ಬಿಚ್ಚಿದ್ದೇನೆ. ಇದನ್ನು ನಿನಗೆ ಹೇಳಬೇಡ ಎಂದಿದ್ದಾರೆ.

ಅವತ್ತು ನೀರು ತೆಗೆಯುವಾಗ ನಿಮ್ಮಪ್ಪ ಹೊರಗೆ ಬೆಂಚಿನ ಮೇಲೆ ಆ ಕೋಟನ್ನು ಒಳಮಗ್ಗುಲು ಮಾಡಿ ಇಟ್ಟುಕೊಂಡು ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. "ನಿಮ್ಮಕ್ಕನಿಗೂ ಹೀಗೇ ಮಾಡ್ದೆ ಕಣಯ್ಯಾ" ಎಂದರು. ಅಕ್ಕನ ಆ ಹಸಿರು ನಿಲುವಂಗಿ. ಕಾಯಿಲೆ ಗೊತ್ತಾಗುವುದಕ್ಕೆ ಮುಂಚಿನ ಚಳಿಗಾಲ. ಹೊಟ್ಟೆ ಬಿಗಿಯುತ್ತದೆ ಎಂದು ತಂದಳಂತೆ, ಬಟ್ಟೆ ಬಿಟ್ಟು ಕೊಟ್ಟರು. ಮತ್ತೆ ತಂದಳು, ಮತ್ತೆ ಬಿಟ್ಟರು. ಈಗ ನೋಡು, ದರ್ಜಿ ಹೆಂಡತಿ ಅನ್ನೋಕೆ ಒಂದು ಅಳತೆ ಬಂತು ಎಂದು ತಮಾಷೆ ಮಾಡಿದರಂತೆ. ಅವಳೂ ನಕ್ಕಳಂತೆ. ಆ ನಿಲುವಂಗಿಯಲ್ಲಿ ಅವಳ ಫೋಟೋ ಬಂದಾಗ ಮೈ ಕೈ ತುಂಬಿಕೊಂಡಿದ್ದಾಳೆ ಎಂದು ನೀನೂ ಅಂದೆ, ನಾನೂ ಅಂದೆ. ಅವಳ ಹೊಟ್ಟೆಯಲ್ಲಿ ತುಂಬುತ್ತಿದ್ದದ್ದೂ ನೀರೇ ಎಂದು ತಿಳಿದದ್ದು ಬಹಳ ತಡವಾಗಿ.

ಮೂರನೆಯ ಸಲ, "ರೀ, ಭುಜ ಜಾರ್ತಿದೆ, ಸ್ವಲ್ಪ ಹಿಡೀರಿ" ಎಂದಳಂತೆ.

"ಹಿಡಿದೆ" ಎಂದರು ನಿಮ್ಮಪ್ಪ. "ಒಂದೇ ಬಟ್ಟೆ. ಭುಜದಲ್ಲಿ ಹಿಡಿದೆ, ಹೊಟ್ಟೇಲಿ ಬಿಟ್ಟೆ. ದಪ್ಪ ಆಗ್ತಿರೋರಿಗೆ ಯಾವ ದರ್ಜಿಯಾದ್ರೂ ಭುಜ ಹಿಡೀತಾನೇನಯ್ಯಾ?"

ಒಳಗಿನಿಂದ ದಾದಿ ಕರೆದಳು, ಎದ್ದು ಹೋದೆ.

ಆ ನಿಲುವಂಗಿಯನ್ನು ನೀನು ತೆಗೆದುಕೊಂಡು ಹೋದೆ. ಇವತ್ತು ಮಧ್ಯಾಹ್ನದಿಂದ ನಿನಗೆ ಬರೆಯುತ್ತ ಕೂತಿದ್ದರೂ ಮನಸ್ಸು ಪದೇ ಪದೇ ಅದನ್ನು ತೊಟ್ಟವಳ ಕಡೆಗೇ ಹೋಗುತ್ತಿದೆ. ಅಕ್ಕಾ, ಬಾಯಿಮಾತು ಅವರಿಗೆ ನಾಟುವುದಿಲ್ಲವೆಂದು ನಿನಗೆ ಗೊತ್ತಿತ್ತು, ಬಟ್ಟೆಯ ಮಾತಾದರೆ ಅರ್ಥವಾಗುತ್ತದೆ ಎಂದೂ ಗೊತ್ತಿತ್ತು. ಭುಜ ಹಿಡೀರಿ ಎಂದು ಅದನ್ನು ಅವರ ಕೈಗೆ ಕೊಟ್ಟಾಗ, ನೀನು ಅವರಿಗೆ ಹೇಳುತ್ತಿದ್ದದ್ದು ಸೊರಗುತ್ತಿದ್ದೇನೆ ಎಂದೇನಾ?